ಹೋಗುತ್ತೇವೆ ಎಂದಿಟ್ಟುಕೊಳ್ಳೋಣ

ಬಿ.ಇಡಿ. ಮೂರನೇ ಸೆಮಿಸ್ಟರಿನ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಪುಟ್ಟೇನಹಳ್ಳಿಯ ಒಂದು ಕನ್ನಡ ಮಾಧ್ಯಮ ಶಾಲೆ. ಎಂಟನೇ ತರಗತಿ, ಗಣಿತ, ಮೂವತ್ತೊಂದು ಮಕ್ಕಳು. ಜುಲೈ ಕೊನೆಯ ವಾರ ಮಾರ್ಗದರ್ಶಕ ಶಿಕ್ಷಕಿ ನನಗೆ ಅನುಪಾತ ಮತ್ತು ಗ್ರಾಫ್ ಈ ಎರಡು ವಿಷಯಗಳನ್ನು ಒಪ್ಪಿಸಿದರು. "ಹಾಳೆ ಕೊಟ್ಟರೆ ಚುಕ್ಕಿ ಇಡ್ತಾರೆ, ಗೆರೆನೂ ಎಳೀತಾರೆ. ಆ ಗೆರೆ ಏನು ಹೇಳ್ತಿದೆ ಅಂತ ಕೇಳಿದ್ರೆ ಮಾತ್ರ ಮುಖ ಮುಖ ನೋಡ್ತಾರೆ. ಅಷ್ಟು ಮಾಡಿಸಿ ಹೋಗಿ, ಸಾಕು" ಎಂದರು.

ಐದು ಪಿರಿಯಡ್‌ಗಳಿಗೂ ಸೇರಿ ಒಂದೇ ಸನ್ನಿವೇಶ ಬೇಕಿತ್ತು. ಹುಡುಕುತ್ತಿದ್ದಾಗ ನನ್ನ ಬಿ.ಎಸ್ಸಿ. ದಿನಗಳ ಒಂದು ನೋಟ್‌ಬುಕ್ ಕೈಗೆ ಬಂತು. ಕೊನೆಯ ವರ್ಷದಲ್ಲಿ ನಾವು ನಾಲ್ವರು ಗೆಳತಿಯರು ನೀಲಗಿರಿ ಬೆಟ್ಟದ ರೈಲಿನಲ್ಲಿ ಊಟಿಗೆ ಹೋಗಬೇಕೆಂದು ಹೊರಟಿದ್ದೆವು. ಮೆಟ್ಟುಪಾಳ್ಯಂನಿಂದ ಚಹಾ ತೋಟಗಳ ನಡುವೆ ಹತ್ತುವ ಆ ಪುಟ್ಟ ರೈಲಿನ ಸಮಯ, ದೂರ, ಎತ್ತರ, ಖರ್ಚು ಎಲ್ಲವನ್ನೂ ಬರೆದಿಟ್ಟಿದ್ದೆ. ಟಿಕೆಟ್ ಸಿಗಲಿಲ್ಲ, ಆಮೇಲೆ ಪರೀಕ್ಷೆ ಬಂತು, ಪ್ರವಾಸ ಅಲ್ಲಿಗೇ ನಿಂತಿತು. ಆರು ಪುಟಗಳ ಲೆಕ್ಕ ಮಾತ್ರ ಉಳಿದಿತ್ತು. ಅದನ್ನೇ ಪಾಠ ಯೋಜನೆ ಮಾಡಿದೆ.

ಮೊದಲ ದಿನ ತರಗತಿಗೆ ಹೋದವಳೇ ಕಪ್ಪುಹಲಗೆಯ ಮೇಲೆ 'ಪುಟ್ಟೇನಹಳ್ಳಿಯಿಂದ ಊಟಿಗೆ' ಎಂದು ಬರೆದೆ. "ದಸರಾ ರಜೆಯಲ್ಲಿ ನಮ್ಮ ಕ್ಲಾಸ್ ಬೆಟ್ಟದ ರೈಲಿನಲ್ಲಿ ಊಟಿಗೆ ಹೋಗುತ್ತೆ. ಪ್ಲಾನ್ ಮಾಡೋರು ನೀವೇ" ಎಂದೆ. ತರಗತಿ ಎದ್ದು ಕುಣಿಯಿತು. ಹಿಂದಿನ ಬೆಂಚಿನಲ್ಲಿ ವೀಕ್ಷಣೆಗೆ ಕುಳಿತಿದ್ದ ಸಹಪ್ರಶಿಕ್ಷಣಾರ್ಥಿ ನನ್ನತ್ತ ಹೆಬ್ಬೆರಳು ತೋರಿಸಿದಳು. ಆ ಸಂಜೆ ನನ್ನ ದಿನಚರಿಯಲ್ಲಿ 'ತೊಡಗಿಸಿಕೊಳ್ಳುವಿಕೆ: ಅತ್ಯುತ್ತಮ' ಎಂದು ಬರೆದುಕೊಂಡೆ. ಆ ಎರಡು ವಾಕ್ಯಗಳಲ್ಲಿ ನಾನು ಏನನ್ನು ಬಿಟ್ಟಿದ್ದೆ ಎನ್ನುವುದು ಆಗ ತಿಳಿಯಲಿಲ್ಲ.

ಮಕ್ಕಳನ್ನು ಸಮಯ, ಎತ್ತರ, ಖರ್ಚು, ನೋಟ ಎಂದು ನಾಲ್ಕು ಗುಂಪು ಮಾಡಿದೆ. ಸಮಯದ ಗುಂಪು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿತು. ಬೆಟ್ಟದ ರೈಲು ಮೆಟ್ಟುಪಾಳ್ಯಂ ಬಿಡುವುದು ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ. ಅದಕ್ಕೆ ಮೊದಲು ಅಲ್ಲಿರಬೇಕು. ಚೆನ್ನೈನಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ ಕೊಯಮತ್ತೂರನ್ನು ಬೆಳಗಿನ ಐದರ ಸುಮಾರಿಗೆ ದಾಟಿ ಆರೂವರೆಯೊಳಗೆ ಮೆಟ್ಟುಪಾಳ್ಯಂ ಮುಟ್ಟುತ್ತದೆ. ಹಾಗಾದರೆ ಐದಕ್ಕೆ ಮುಂಚೆ ಕೊಯಮತ್ತೂರಿನಲ್ಲಿರಬೇಕು. ನಮ್ಮ ಯಶವಂತಪುರದಿಂದ ರಾತ್ರಿ ಎಂಟರ ಹೊತ್ತಿಗೆ ಹೊರಡುವ ಕಣ್ಣೂರು ಎಕ್ಸ್‌ಪ್ರೆಸ್ ಹಿಡಿದರೆ ಮೂರು, ಮೂರೂವರೆಗೆಲ್ಲ ಕೊಯಮತ್ತೂರು. ನಡುವಿನ ಒಂದೂವರೆ ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಯಾರು ಎಚ್ಚರವಿರಬೇಕು, ಯಾರು ಬ್ಯಾಗ್ ಕಾಯಬೇಕು ಎನ್ನುವುದಕ್ಕೂ ಪಾಳಿ ಹಾಕಿದರು. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ.

ಎತ್ತರದ ಗುಂಪಿಗೆ ನಾನು ಐದು ಅಂಕಿ ಕೊಟ್ಟೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್, ಕೊಯಮತ್ತೂರು ಸುಮಾರು 410, ಮೆಟ್ಟುಪಾಳ್ಯಂ 326, ಕೂನೂರು ಸುಮಾರು 1,700, ಊಟಿ ನಿಲ್ದಾಣ 2,203. ಚುಕ್ಕಿ ಇಟ್ಟು ಗೆರೆ ಎಳೆದ ಹುಡುಗನೊಬ್ಬ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮಿಸ್, ತಪ್ಪಾಗಿದೆ. ಬೆಟ್ಟಕ್ಕೆ ಹೋಗೋ ಗೆರೆ ಮೊದಲು ಕೆಳಗೆ ಬರ್ತಿದೆ" ಎಂದ. ತಪ್ಪಾಗಿರಲಿಲ್ಲ. ನಾವು ಇರುವುದೇ ಎತ್ತರದಲ್ಲಿ. ಆ ರೈಲು ಹತ್ತಬೇಕೆಂದರೆ ಆರುನೂರು ಮೀಟರ್ ಇಳಿದು ತಮಿಳುನಾಡಿನ ಬಯಲಿಗೆ ಹೋಗಬೇಕು. ಅಲ್ಲಿಂದ ಒಂದು ಸಾವಿರದ ಎಂಟುನೂರ ಎಪ್ಪತ್ತೇಳು ಮೀಟರ್ ಮೇಲೆ ಏರಬೇಕು. "ಬಸ್ಸಲ್ಲಿ ಮೈಸೂರು, ಗುಂಡ್ಲುಪೇಟೆ, ಬಂಡೀಪುರ ಅಂತ ಹೋದ್ರೆ ಅಷ್ಟು ಕೆಳಕ್ಕೆ ಇಳಿಯೋದೇ ಬೇಡ ಅಲ್ವಾ?" ಎಂದು ಮೂರನೇ ಬೆಂಚಿನ ಹುಡುಗಿ ಕೇಳಿದಳು. ಹೌದು ಎಂದೆ. ಆ ದಾರಿ ಅವಳಿಗೆ ಹೇಗೆ ಗೊತ್ತು ಎಂದು ಮಾತ್ರ ಕೇಳಲಿಲ್ಲ.

ಮೂರನೇ ಪಿರಿಯಡ್ ಇಳಿಜಾರಿನ ಅನುಪಾತ. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿ.ಮೀ. 46,000 ಮೀಟರನ್ನು 1,877ರಿಂದ ಭಾಗಿಸಿದರೆ ಸುಮಾರು ಇಪ್ಪತ್ತನಾಲ್ಕೂವರೆ. ಅಂದರೆ ಸರಾಸರಿ ಇಪ್ಪತ್ತನಾಲ್ಕೂವರೆ ಮೀಟರ್ ಮುಂದೆ ಹೋಗುವಷ್ಟರಲ್ಲಿ ಒಂದು ಮೀಟರ್ ಮೇಲೆ. ಆದರೆ ಸರಾಸರಿ ಕಡಿದಾದ ಜಾಗವನ್ನು ಮುಚ್ಚಿಡುತ್ತದೆ. ಕಲ್ಲಾರ್‌ನಿಂದ ಕೂನೂರಿನವರೆಗಿನ ಘಾಟಿಯಲ್ಲಿ ಏರು ಹನ್ನೆರಡಕ್ಕೆ ಒಂದರವರೆಗೂ ಹೋಗುತ್ತದೆ. "ಹನ್ನೆರಡಕ್ಕೆ ಒಂದಾ? ಅಷ್ಟೇನಾ?" ಎಂದರು. ಹನ್ನೆರಡಕ್ಕೆ ಒಂದು ಹೇಗಿರುತ್ತದೆ ಎಂದು ತೋರಿಸಲು ಅವರನ್ನು ಶಾಲೆಯ ಬಾಗಿಲಿನ ರ್‍ಯಾಂಪಿಗೆ ಕರೆದುಕೊಂಡು ಹೋದೆ. ಗಾಲಿಕುರ್ಚಿಯ ರ್‍ಯಾಂಪ್ ಕಟ್ಟುವಾಗ ಪಾಲಿಸಬೇಕಾದ ಮಿತಿಯೂ ಹನ್ನೆರಡಕ್ಕೆ ಒಂದೇ. ಟೇಪು ಹಿಡಿದು ಅಳೆದರು. ಉದ್ದ 4 ಮೀಟರ್ 10 ಸೆಂ.ಮೀ., ಎತ್ತರ 35 ಸೆಂ.ಮೀ. ಭಾಗಿಸಿದರೆ ಹನ್ನೊಂದೂಮುಕ್ಕಾಲಿನ ಹತ್ತಿರ. ದಿನಾ ಓಡಿ ಹತ್ತುವ ಆ ಸಿಮೆಂಟಿನ ಏರನ್ನು ಇಪ್ಪತ್ತು ಕಿ.ಮೀ. ಉದ್ದಕ್ಕೆ, ಅದರ ಮೇಲೆ ರೈಲಿನೊಂದಿಗೆ ಕಲ್ಪಿಸಿಕೊಂಡಾಗ ಮಕ್ಕಳು ಸುಮ್ಮನಾದರು.

ಸಾಮಾನ್ಯ ರೈಲು ಮಾರ್ಗಗಳಲ್ಲಿ ನೂರಕ್ಕೆ ಒಂದು ಎನ್ನುವುದೇ ದೊಡ್ಡ ಏರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ ಐವತ್ತಕ್ಕೆ ಒಂದಿದೆ. ಅದಕ್ಕಿಂತ ಬಹಳ ಕಡಿದಾದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುತ್ತದೆ, ಘರ್ಷಣೆ ಸಾಲುವುದಿಲ್ಲ. ಅದಕ್ಕೇ ನೀಲಗಿರಿಯಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಇನ್ನೊಂದು ಹಳಿ ಹಾಕಿದ್ದಾರೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಸ್ವಿಟ್ಜರ್‌ಲೆಂಡಿನ ಆಬ್ಟ್ ಎಂಬ ಎಂಜಿನಿಯರ್ ರೂಪಿಸಿದ ಈ ಏರ್ಪಾಟಿನಲ್ಲಿ ಹಲ್ಲಿನ ಪಟ್ಟಿಗಳು ಎರಡು. ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿರುತ್ತದೆ, ಆದ್ದರಿಂದ ಒಂದು ಹಲ್ಲು ಬಿಡುವ ಹೊತ್ತಿಗೆ ಇನ್ನೊಂದು ಹಿಡಿದಿರುತ್ತದೆ. ಸೈಕಲ್ ಅಂಗಡಿಯಿಂದ ಹಳೆಯ ಫ್ರೀವೀಲ್ ಮತ್ತು ಚೈನ್ ತಂದು ಮೇಜಿನ ಮೇಲೆ ಉರುಳಿಸಿ ತೋರಿಸಿದೆ. ಘಾಟಿಯಲ್ಲಿ ಎಂಜಿನ್ ಮುಂದೆ ಇರುವುದಿಲ್ಲ, ಹಿಂದೆ ನಿಂತು ಬೋಗಿಗಳನ್ನು ತಳ್ಳುತ್ತದೆ ಎಂದಾಗ, "ಕೊಂಡಿ ಕಳಚಿದ್ರೂ ಬೋಗಿ ಕೆಳಗೆ ಉರುಳಲ್ಲ ಅಂತಾನಾ?" ಎಂದು ಒಬ್ಬ ತಾನೇ ಕಾರಣ ಕಂಡುಕೊಂಡ.

1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಬಂದ ಈ ಮಾರ್ಗದಲ್ಲಿ 16 ಸುರಂಗ, 250 ಸೇತುವೆ, 208 ತಿರುವು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಏಳೂ ಹತ್ತಕ್ಕೆ ಬಿಟ್ಟ ರೈಲು ಊಟಿ ಮುಟ್ಟುವುದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ನಡುವೆ ಎಂಜಿನ್ ನೀರು ಕುಡಿಯಲು ಅಲ್ಲಲ್ಲಿ ನಿಲ್ಲುತ್ತದೆ. 46 ಕಿ.ಮೀ.ಗೆ ಸುಮಾರು ನಾಲ್ಕು ಗಂಟೆ ಐವತ್ತು ನಿಮಿಷ. ಗಂಟೆಗೆ ಒಂಬತ್ತೂವರೆ ಕಿ.ಮೀ. "ನಮ್ಮಣ್ಣ ಸೈಕಲ್‌ನಲ್ಲೇ ಇದಕ್ಕಿಂತ ಜೋರಾಗಿ ಹೋಗ್ತಾನೆ" ಎಂದು ಎಲ್ಲರೂ ನಕ್ಕರು. ನನ್ನ ಪಾಠ ಚೆನ್ನಾಗಿ ಹೋಗುತ್ತಿದೆ ಎಂದು ನಾನೂ ನಕ್ಕೆ.

ಅಷ್ಟರಲ್ಲಿ ಸಮಯದ ಗುಂಪಿನವರು ಒಂದು ಹೊಸ ವಿಷಯ ಪತ್ತೆ ಮಾಡಿದರು. ರೈಲ್ವೆಯಲ್ಲಿ ಮುಂಗಡ ಕಾಯ್ದಿರಿಸಲು ಈಗ 60 ದಿನ ಮೊದಲೇ ಅವಕಾಶ ತೆರೆಯುತ್ತದೆ, ಬೆಟ್ಟದ ರೈಲಿನ ಸೀಟುಗಳು ಬೇಗ ಮುಗಿಯುತ್ತವೆ. ಅವರ ಯೋಜನೆಯ ಪ್ರಕಾರ ಬೆಟ್ಟದ ರೈಲು ಹತ್ತುವುದು ಅಕ್ಟೋಬರ್ 5ಕ್ಕೆ. ಬೆರಳು ಮಡಚಿ ಹಿಂದಕ್ಕೆ ಎಣಿಸಿದರು. ಆಗಸ್ಟ್ 6. ಅಂದರೆ ಮುಂದಿನ ವಾರವೇ! ಲೆಕ್ಕ ಸರಿಯಾಗಿತ್ತು. "ವೆರಿ ಗುಡ್" ಎಂದು ಹೇಳಿ ಅವರ ಪುಸ್ತಕಕ್ಕೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮೂರನೇ ಬೆಂಚಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮಡಚಿದ ನೂರು ರೂಪಾಯಿಯ ಎರಡು ನೋಟು. "ಮಿಸ್, ಅಜ್ಜಿ ಕೊಟ್ರು. ಉಳಿದಿದ್ದು ಶನಿವಾರ ಕೊಡ್ತಾರಂತೆ. ಟಿಕೆಟ್ ಮುಗಿಯೋಕೆ ಮುಂಚೆ ನಂದು ಮೊದಲು ಮಾಡಿಸಬೇಕಂತೆ."

ಆಗ ನನಗೆ ಹೊಳೆಯಿತು. ಗಣಿತದಲ್ಲಿ ನಾವು ದಿನಾ 'ಎಂದಿರಲಿ', 'ಎಂದಿಟ್ಟುಕೊಳ್ಳೋಣ' ಎನ್ನುತ್ತೇವೆ. ಒಂದು ಬುಟ್ಟಿಯಲ್ಲಿ ಎಕ್ಸ್ ಮಾವಿನಹಣ್ಣು ಇವೆ ಎಂದಿಟ್ಟುಕೊಳ್ಳೋಣ. ಆ ಮಾವಿನಹಣ್ಣನ್ನು ಯಾವ ಮಗುವೂ ತಿನ್ನಲು ಕೇಳುವುದಿಲ್ಲ, ಏಕೆಂದರೆ ಆ ಮಾತು ಮೊದಲೇ ಹೇಳಿಯಾಗಿರುತ್ತದೆ. ನನ್ನ ಪಾಠ ಯೋಜನೆಯ ಹಾಳೆಯಲ್ಲಿ 'ಕಾಲ್ಪನಿಕ ಸನ್ನಿವೇಶ' ಎಂದು ಚೊಕ್ಕವಾಗಿ ಬರೆದಿದ್ದೆ. ತರಗತಿಯಲ್ಲಿ ಮಾತ್ರ ಅದನ್ನು ಹೇಳಿರಲಿಲ್ಲ. ಹೇಳಿದರೆ ಮಕ್ಕಳ ಉತ್ಸಾಹ ತಗ್ಗುತ್ತದೆ ಎಂದು ಒಳಗೊಳಗೆ ಗೊತ್ತಿತ್ತು, ಅದಕ್ಕೇ ಹೇಳಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೂ ಬರೆಯುತ್ತಿದ್ದೇನೆ.

ಅಂದಿನ ಪಿರಿಯಡ್‌ನಲ್ಲಿ ಗ್ರಾಫ್ ಹಾಳೆ ಹಂಚಲಿಲ್ಲ. "ನಾವು ನಿಜವಾಗಿ ಹೋಗ್ತಾ ಇಲ್ಲ. ಲೆಕ್ಕ ಕಲಿಯೋಕೆ ಮಾಡಿದ ಪ್ಲಾನ್ ಇದು. ಮೊದಲ ದಿನವೇ ಹೇಳಬೇಕಿತ್ತು. ಹೇಳದೇ ಇದ್ದದ್ದು ನನ್ನ ತಪ್ಪು" ಎಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಪ್ಲಾಟ್‌ಫಾರ್ಮಿನಲ್ಲಿ ಮೂರರಿಂದ ನಾಲ್ಕರ ಪಾಳಿ ತನ್ನದೆಂದು ಬರೆಸಿಕೊಂಡಿದ್ದ ಹುಡುಗ ಎದ್ದು ನಿಂತ. "ಹಾಗಾದ್ರೆ ಟಿಕೆಟ್ ತಾರೀಕು ಯಾಕೆ ಎಣಿಸೋಕೆ ಹೇಳಿದ್ರಿ ಮಿಸ್?" ನನ್ನ ಬಳಿ ಉತ್ತರವಿರಲಿಲ್ಲ. ಇನ್ನೊಬ್ಬಳು, "ನೀವು ಹೋಗಿದ್ದೀರಾ?" ಎಂದಳು. "ಇಲ್ಲ, ನನ್ನ ಪ್ಲಾನೂ ನೋಟ್‌ಬುಕ್‌ನಲ್ಲೇ ಉಳೀತು" ಎಂದೆ. ಅದಕ್ಕೆ ಸ್ವಲ್ಪ ಸಡಿಲವಾದರು. ಮೂರನೇ ಬೆಂಚಿನವಳು ಮಾತ್ರ ತಲೆ ಎತ್ತಲಿಲ್ಲ.

ಹಣವನ್ನು ಮಗುವಿನ ಕೈಯಲ್ಲೇ ಕಳಿಸುವುದು ಸರಿ ಅನ್ನಿಸಲಿಲ್ಲ. ಮಾರ್ಗದರ್ಶಕ ಶಿಕ್ಷಕಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ನಡೀರಿ, ನಾನೂ ಬರ್ತೀನಿ" ಎಂದರು. ಶಾಲೆ ಬಿಟ್ಟ ಮೇಲೆ ಇಬ್ಬರೂ ಹುಡುಗಿಯ ಜೊತೆ ಹೊರಟೆವು. ಪುಟ್ಟೇನಹಳ್ಳಿ ಕೆರೆ ದಾಟಿ, ಒಂದು ಓಣಿಯ ಕೊನೆಯ ಸಾಲುಮನೆ. ಅಪ್ಪ ಅಮ್ಮ ಕೆಲಸದಿಂದ ಬಂದಿರಲಿಲ್ಲ. ಅಜ್ಜಿ ಬಾಗಿಲಲ್ಲಿ ಕುಳಿತು ನುಗ್ಗೆಸೊಪ್ಪು ಬಿಡಿಸುತ್ತಿದ್ದರು. ಹಣ ಕೈಗಿಟ್ಟು, ನಡೆದದ್ದು ಹೇಳಿ, "ತಪ್ಪಾಯ್ತು ಅಜ್ಜಿ" ಎಂದೆ. ಅವರು ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಯ್ತು ಬುಡವ್ವ. ಹೋಗೋರಾಗಿದ್ರೂ ಆ ತಿಂಗಳು ಬ್ಯಾಡ ಅಂತ ನಾನೇ ಹೇಳ್ತಿದ್ದೆ. ಆಯುಧಪೂಜೆ ಕಳೆದ್ರೆ ಅಲ್ಲಿ ಮಳೆ. ಗುಡ್ಡ ಜಾರ್ತದೆ, ಮರ ಬೀಳ್ತದೆ, ರೈಲು ನಿಲ್ಲಿಸ್ಬುಡ್ತಾರೆ" ಎಂದರು.

ಆಮೇಲೆ ತಿಳಿದದ್ದು ಇಷ್ಟು. ಅಜ್ಜಿ ಗುಂಡ್ಲುಪೇಟೆ ಕಡೆಯವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕೂನೂರಿನ ಕೆಳಗಿನ ಒಂದು ಎಸ್ಟೇಟಿಗೆ ಟೀ ಸೊಪ್ಪು ಬಿಡಿಸಲು ಹೋದವರು, ಹನ್ನೆರಡು ವರ್ಷ ಲೈನ್ ಮನೆಯಲ್ಲಿದ್ದರು. ಮೊಮ್ಮಗಳಿಗೆ ಬಂಡೀಪುರದ ದಾರಿ ಗೊತ್ತಿದ್ದದ್ದು ಅವರಿಂದ. ತೋಟದ ಕೆಳಗೇ ರೈಲು ಹಾದುಹೋಗುತ್ತಿತ್ತು. "ಹತ್ತು ಗಂಟೆ ಸುಮಾರಿಗೆ ಕೂಗ್ತಿತ್ತು. ಅದು ಕೂಗಿದ್ರೆ ನಮ್ಗೆ ಬೆಳಗಿನ ತೂಕದ ಹೊತ್ತು. ಗಡಿಯಾರ ಯಾರ ತಾವಿತ್ತು?" ಎಂದರು. "ನೀವು ಹತ್ತಿದ್ದೀರಾ ಅಜ್ಜಿ?" ಎಂದು ಕೇಳಿದೆ. ಇಲ್ಲವೆಂದರು. ಟಿಕೆಟ್ ದುಬಾರಿ ಇರಬಹುದು ಎಂದುಕೊಂಡು ಕೇಳಿದರೆ, "ದುಬಾರಿ ಅಲ್ಲ ಕನವ್ವ. ಅದು ಓಡೋದು ಹಗಲೊತ್ತು. ಹಗಲೊತ್ತು ನಮ್ಗೆ ಕೆಲಸ ಅಲ್ವಾ?" ಎಂದರು. ಮೊಮ್ಮಗಳಾದರೂ ಕಿಟಕಿಯಲ್ಲಿ ಕುಳಿತು ಆ ಇಳಿಜಾರು ನೋಡಲಿ ಎನ್ನುವುದು ಅವರ ಆಸೆಯಾಗಿತ್ತು.

ವಾಪಸ್ಸು ಬರುವಾಗ ಶಿಕ್ಷಕಿ ಒಂದೇ ಮಾತು ಹೇಳಿದರು: "ಅವರನ್ನ ಕ್ಲಾಸಿಗೆ ಕರೀರಿ." ನನ್ನ ಐದನೇ ಪಿರಿಯಡ್ ಮೌಲ್ಯಮಾಪನಕ್ಕೆ ಮೀಸಲಾಗಿತ್ತು, ಕಾಲೇಜಿನಿಂದ ಮೇಲ್ವಿಚಾರಕ ಉಪನ್ಯಾಸಕರು ಬರುವ ದಿನವೂ ಅದೇ. ಸ್ವಲ್ಪ ಹಿಂಜರಿದೆ, ಆಮೇಲೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಕರೆದೆ.

ಅಜ್ಜಿ ಬಂದರು. ಕುರ್ಚಿಯಲ್ಲಿ ಕೂರಲು ಒಪ್ಪದೆ ಕಿಟಕಿಯ ಬಳಿ ನಿಂತರು. ಕಾಂಪೌಂಡಿನ ದಾಸವಾಳದ ಬೇಲಿಯಿಂದ ಒಂದು ಕೊಂಬೆ ತರಿಸಿಕೊಂಡು, ಎರಡು ಎಲೆ ಒಂದು ಕುಡಿ ಹೇಗೆ ಚಿವುಟಬೇಕೆಂದು ಎರಡೂ ಕೈಯಲ್ಲಿ ಮಾಡಿ ತೋರಿಸಿದರು. ಅವರ ಬೆರಳು ಓಡಿದ ವೇಗಕ್ಕೆ ಮಕ್ಕಳು ಬಾಯಿ ಬಿಟ್ಟು ನೋಡಿದರು. ಟೀ ಗಿಡ ಸೊಂಟದೆತ್ತರ ಇರುವುದು ಸವರಿ ಸವರಿ ಇಟ್ಟದ್ದರಿಂದ, ಬಿಟ್ಟರೆ ಅದು ಮರವಾಗುತ್ತದೆ ಎಂದರು. ನಾನು ಬೋರ್ಡಿನಲ್ಲಿ ಒಂದು ಅನುಪಾತ ಬರೆದೆ: ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆಯಿಂದ ಒಂದು ಕಿಲೋ ಚಹಾಪುಡಿ. ಮಕ್ಕಳು ತಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಪುಡಿ ಬೇಕು, ಅದಕ್ಕೆ ಎಷ್ಟು ಎಲೆ ಎಂದು ಲೆಕ್ಕ ಹಾಕಿದರು. ಬಯಲು ಜಾಗ ಬಿಟ್ಟು ಅಷ್ಟು ಇಳಿಜಾರಿನಲ್ಲಿ ಯಾಕೆ ಬೆಳೀತಾರೆ ಎಂದು ಒಬ್ಬ ಕೇಳಿದ. "ಮಳೆ ಬೇಕು, ಬೇರಲ್ಲಿ ನೀರು ನಿಲ್ಲಕೂಡದು. ಇಳಿಜಾರಲ್ಲಿ ಹರಿದೋಗ್ತದೆ" ಎಂದು ಅಜ್ಜಿಯೇ ಉತ್ತರಿಸಿದರು. ರೈಲಿಗೆ ಹಲ್ಲು ಬೇಕಾಗುವಂತೆ ಮಾಡಿದ ಇಳಿಜಾರೇ ಗಿಡಕ್ಕೆ ಒಳ್ಳೆಯದು ಎನ್ನುವುದನ್ನು ನಾನು ಪಾಠದಲ್ಲಿ ಯೋಚಿಸಿಯೇ ಇರಲಿಲ್ಲ. 'ನೋಟ' ಗುಂಪಿನವರು ಕಿಟಕಿಯಿಂದ ಕಾಣುವ ವಸ್ತುಗಳ ಪಟ್ಟಿ ಮಾಡಿದ್ದರು: ಸುರಂಗ, ಸೇತುವೆ, ಜಲಪಾತ, ಮಂಜು, ಟೀ ತೋಟ. ಅದರಲ್ಲಿ ಮನುಷ್ಯರು ಇರಲಿಲ್ಲ. ಹುಡುಗನೊಬ್ಬ ಎದ್ದು ಹೋಗಿ 'ಎಲೆ ಕೀಳುವವರು' ಎಂದು ಸೇರಿಸಿದ.

ಕೊನೆಗೆ ಮೊಮ್ಮಗಳು ಗೋಡೆಯ ಮೇಲಿನ ಎತ್ತರದ ಗ್ರಾಫನ್ನು ಅಜ್ಜಿಗೆ ತೋರಿಸಿದಳು. ಅಜ್ಜಿಗೆ ಓದು ಬರುವುದಿಲ್ಲ. ಹುಡುಗಿ ಬೆರಳನ್ನು ಗೆರೆಯ ಮೇಲೆ ಇಟ್ಟು ನಿಧಾನವಾಗಿ ಮೇಲಕ್ಕೆ ತೆಗೆದುಕೊಂಡು ಹೋದಳು. "ಇದು ಮೆಟ್ಟುಪಾಳ್ಯ ಅಜ್ಜಿ, ಇಲ್ಲಿಂದ ಹತ್ತುತ್ತೆ. ಇದು ಕೂನೂರು." ಅಜ್ಜಿ ಆ ಬೆರಳನ್ನು ಹಿಡಿದು ಸ್ವಲ್ಪ ಕೆಳಕ್ಕೆ ಸರಿಸಿದರು. "ಹಂಗಾದ್ರೆ ನಾವು ಇಲ್ಲಿದ್ದೋ." ಹುಡುಗಿ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟಳು. ಸ್ಕೇಲು ತೆಗೆದುಕೊಂಡು ಅಡ್ಡಗೆರೆ ಎಳೆದು ಎಡಗಡೆಯ ಅಂಕಿ ಓದಿದಳು. "ಸಾವಿರದ ಐನೂರು ಮೀಟರ್ ಅಜ್ಜಿ. ಕೆಳಗಿನ ಅಕ್ಷದಲ್ಲಿ ನೋಡಿದ್ರೆ ಕೂನೂರಿಗಿಂತ ಮೂರು ಕಿಲೋಮೀಟರ್ ಹಿಂದೆ." ಯಾರೂ ಹೇಳಿಕೊಡದೆ ಎರಡೂ ಅಕ್ಷಗಳನ್ನು ಓದಿದ್ದಳು. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಶಿಕ್ಷಕಿ ನನ್ನ ಕಡೆ ನೋಡಿದರು.

ಮೇಲ್ವಿಚಾರಕರು ನನ್ನ ವೀಕ್ಷಣಾ ಪುಸ್ತಕದಲ್ಲಿ, 'ಪಾಠ ಯೋಜನೆಯಿಂದ ಗಣನೀಯ ವಿಚಲನೆ. ಮೌಲ್ಯಮಾಪನದ ಪ್ರಶ್ನೆಗಳು ಪೂರ್ಣಗೊಂಡಿಲ್ಲ' ಎಂದು ಬರೆದರು. ಅದು ನಿಜ. ಅದರ ಕೆಳಗೆ, 'ಗ್ರಾಫಿನ ವಾಚನ ಸಾಧಿಸಲಾಗಿದೆ' ಎಂದೂ ಬರೆದರು. ಅದೂ ನಿಜ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳಬಹುದಾದದ್ದು ಒಂದೇ. ಸನ್ನಿವೇಶ ಕಾಲ್ಪನಿಕವಾಗಿದ್ದರೆ ಅದನ್ನು ಹಾಳೆಯಲ್ಲಿ ಬರೆದರೆ ಸಾಲದು, ಬಾಯಿಬಿಟ್ಟು ಹೇಳಿ. ಉತ್ಸಾಹ ಕಡಿಮೆಯಾಗುತ್ತದೆ ಎಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ನಿಜ ಹೇಳಿದ ಮೇಲೆಯೂ ಮಕ್ಕಳು ಲೆಕ್ಕ ನಿಲ್ಲಿಸಲಿಲ್ಲ. ಅಜ್ಜಿಯ ಮಾತು ಕೇಳಿ ಅಕ್ಟೋಬರನ್ನು ಹೊಡೆದುಹಾಕಿ ಫೆಬ್ರವರಿ 8 ಎಂದು ಬರೆದರು, ಟಿಕೆಟ್ ತೆರೆಯುವ ದಿನ ಡಿಸೆಂಬರ್ 10 ಎಂದು ಮತ್ತೆ ಎಣಿಸಿದರು.

ನನ್ನ ಕೊನೆಯ ದಿನ ಆ ಚಾರ್ಟನ್ನು ಕಾಲೇಜಿಗೆ ಒಪ್ಪಿಸಲು ಬಿಚ್ಚಲು ಹೋದೆ. ಮಕ್ಕಳು ಬಿಡಲಿಲ್ಲ. ಅದಿನ್ನೂ ಆ ತರಗತಿಯ ಗೋಡೆಯ ಮೇಲಿದೆ. ಮೇಲ್ಗಡೆ, ನನ್ನ 'ಪುಟ್ಟೇನಹಳ್ಳಿಯಿಂದ ಊಟಿಗೆ' ಎಂಬ ಶೀರ್ಷಿಕೆಯ ಪಕ್ಕದಲ್ಲಿ, ಮೂರರಿಂದ ನಾಲ್ಕರ ಪಾಳಿಯ ಹುಡುಗ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾನೆ: 'ಹೋಗುತ್ತೇವೆ ಎಂದಿಟ್ಟುಕೊಳ್ಳೋಣ.'